ಬಾತುಕೋಳಿಗೆ ಹಾಕಿದ ಹೊಲಿಗೆ

ಬಸ್ ಡಿಪೋದ ಹಿಂಭಾಗದಲ್ಲಿ ಹಳೆ ಟೈರುಗಳ ರಾಶಿ ದಾಟಿದರೆ ಸಿಗುವ ಉದ್ದನೆಯ ಶೆಡ್ಡಿನಲ್ಲಿ ಸೀಟು ಹೊಲಿಯುವ ಹೆಂಗಸನ್ನು ಎಲ್ಲರೂ ಸೀಟಕ್ಕ ಎನ್ನುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಮೆಕ್ಯಾನಿಕ್ಕುಗಳಿಗೂ ಅವಳು ಅಕ್ಕನೇ. ಇಪ್ಪತ್ತೆರಡು ವರ್ಷದಿಂದ ಅವಳದ್ದು ಒಂದೇ ಕೆಲಸ, ಜನ ಹರಿದದ್ದನ್ನು ಹೊಲಿಯುವುದು. ಬ್ಲೇಡಿನಲ್ಲಿ ಕೊಯ್ದ ರೆಕ್ಸಿನ್, ಬೆರಳು ತೂರಿಸಿ ಚೂರುಚೂರೇ ಕಿತ್ತ ಫೋಮು, ಯಾರದೋ ಪ್ರೇಮಕ್ಕೆ ಬಲಿಯಾದ ಬೆನ್ನೊರಗು, ಎಲ್ಲವೂ ಕೊನೆಗೆ ಅವಳ ಮೇಜಿಗೇ ಬರುತ್ತಿದ್ದವು. ಕೂತಲ್ಲಿ ಸುಮ್ಮನಿರಲಾರದ ಮನುಷ್ಯರ ಬೆರಳುಗಳ ಮೇಲೆ ಅವಳಿಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ನಂಬಿಕೆ ಇದ್ದದ್ದು ಮೇಣ ಹಚ್ಚಿದ ನೈಲಾನ್ ದಾರದ ಮೇಲೆ. "ರೆಕ್ಸಿನ್ ಹರಿದ್ರೂ ಹರೀಬಹುದು, ನನ್ನ ಹೊಲಿಗೆ ಬಿಚ್ಚೋದಿಲ್ಲ" ಎನ್ನುತ್ತಿದ್ದಳು. ಇದು ಜಂಬದ ಮಾತೇನಲ್ಲ. ಗುಜರಿಗೆ ಹೋದ ಬಸ್ಸುಗಳಲ್ಲೂ ಅವಳ ಹೊಲಿಗೆ ನೆಟ್ಟಗೇ ಇರುತ್ತಿತ್ತು.

ಅವಳು ಯಾವುದನ್ನೂ ಬಿಸಾಡಿದವಳಲ್ಲ. ಮನೆಯ ಕಾಲೊರೆಸು ಹಳೆ ಸೀಟಿನದ್ದು, ದಿಂಬು ಹಳೆ ಸೀಟಿನದ್ದು, ಕೈಚೀಲದ ಹಿಡಿಕೆಯೂ ಹಳೆ ಸೀಟಿನದ್ದು. ಮದುವೆಯೊಂದನ್ನು ಮಾತ್ರ ಹೊಲಿಯಲು ಹೋಗಲಿಲ್ಲ. ಗಂಡ ಬಿಟ್ಟುಹೋದ, ಹೋಗಲಿ ಎಂದಳು. ಆಮೇಲಿಂದ ಅವಳು ಮತ್ತು ಅವಳ ತಮ್ಮ, ಇಬ್ಬರೇ, ಎರಡು ಕೋಣೆಯ ಮನೆ.

ತಮ್ಮ ಅದೇ ಡಿಪೋದಲ್ಲಿ ಡ್ರೈವರ್. ಎಂಟು ತಿಂಗಳ ಹಿಂದೆ ಒಂದು ಸ್ಟಾಪಿನಲ್ಲಿ ಅವನ ಬಸ್ಸಿನ ಹಿಂದಿನ ಚಕ್ರ ಒಬ್ಬ ಮುದುಕನ ಕಾಲಿನ ಮೇಲೆ ಹರಿಯಿತು. ಮುದುಕ ಗಡಿಯಾರ ರಿಪೇರಿಯವನು, ದಿನಾ ಅದೇ ಬಸ್ಸಿನಲ್ಲಿ ಅಂಗಡಿಗೆ ಹೋಗುತ್ತಿದ್ದವನು. ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾಯಿತು. ವಿಚಾರಣೆಯಲ್ಲಿ ಆ ಮುದುಕನೇ ಬಾಯಿಬಿಟ್ಟು ಹೇಳಿದ: "ನಾನೇ ಅವಸರಪಟ್ಟು ಇಳಿದೆ. ಆ ಡ್ರೈವರ್ ಹುಡುಗನದ್ದೇನೂ ತಪ್ಪಿಲ್ಲ." ಡಿಪೋದವರು ಕೆಲಸಕ್ಕೆ ಬಾ ಎಂದರು. ತಮ್ಮ ಹೋಗಲಿಲ್ಲ. ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತವನು ಕೂತೇಬಿಟ್ಟ. ಬಂದವರೆಲ್ಲ ನಿನ್ನ ತಪ್ಪಲ್ಲ ಎಂದರು. ಎಲ್ಲರಿಗಿಂತ ಹೆಚ್ಚು ಸಲ ಹೇಳಿದವಳು ಸೀಟಕ್ಕ. ಚಹಾ ಕೊಡುವಾಗ ಒಮ್ಮೆ, ತಟ್ಟೆ ಇಡುವಾಗ ಒಮ್ಮೆ, ಅವನು ಮುಟ್ಟದ ತಟ್ಟೆ ಎತ್ತುವಾಗ ಮತ್ತೊಮ್ಮೆ. ಅವಳು ಹೇಳಿದಷ್ಟೂ ಅವನು ಗೋಡೆಗೆ ಇನ್ನಷ್ಟು ಹತ್ತಿರವಾಗುತ್ತಿದ್ದ. ಯಾಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಮನಸ್ಸಿನ ಡಾಕ್ಟರು ಮಾತ್ರೆಯ ಜೊತೆ ಒಂದು ಮಾತನ್ನೂ ಕೊಟ್ಟು ಕಳಿಸಿದ್ದರು, ಅವನ ಕೈಯನ್ನೇ ನಂಬಿಕೊಂಡ ಒಂದು ಜೀವ ಮನೆಯಲ್ಲಿರಲಿ ಎಂದು. ಡಿಪೋದಲ್ಲಿ ಕೆಟ್ಟು ನಿಂತ ಬಸ್ಸಿನಡಿ ಒಂದು ನಾಯಿ ಮರಿ ಹಾಕಿತ್ತು. ಸೀಟಕ್ಕ ಎರಡು ತಿಂಗಳ ಒಂದು ಮರಿಯನ್ನು ಸೀಟಿನ ಕವರಿನಲ್ಲಿ ಸುತ್ತಿ ತಂದು ನೆಲಕ್ಕೆ ಬಿಟ್ಟಳು. ಮೊದಲ ದಿನ ತಮ್ಮ ತಿರುಗಿಯೂ ನೋಡಲಿಲ್ಲ. ಎರಡನೇ ದಿನ ಮರಿ ಅವನ ಚಪ್ಪಲಿಯನ್ನೇ ಹುಡುಕಿ ಒದ್ದೆ ಮಾಡಿತು, ತೊಳೆಯಲಾದರೂ ಅವನು ಏಳಬೇಕಾಯಿತು. ಮೂರನೇ ದಿನ ಸಂಜೆ ಸೀಟಕ್ಕ ಬಾಗಿಲಿಗೆ ಕಾಲಿಟ್ಟದ್ದೇ ತಡ, ಮರಿ ಓಡಿಬಂದು ಅವಳ ಚೀಲದೊಳಗೆ ತಲೆ ತೂರಿಸಿ ಒಂದೊಂದೇ ಸಾಮಾನು ಮೂಸತೊಡಗಿತು.

"ಚೆಕಿಂಗ್ ಬಂದ ನೋಡಕ್ಕ. ಟಿಕೆಟ್ ತೋರಿಸು" ಎಂದ ತಮ್ಮ.

ಎಂಟು ತಿಂಗಳಲ್ಲಿ ಅವನ ಬಾಯಿಂದ ಬಂದ ಮೊದಲ ತಮಾಷೆ ಅದು. ಸೀಟಕ್ಕ ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಚೆನ್ನಾಗಿ ಅತ್ತಳು. ಮರಿಗೆ ಚೆಕಿಂಗ್ ಎಂದೇ ಹೆಸರು ನಿಂತಿತು.

ಚೆಕಿಂಗಿಗೆ ಹಲ್ಲು ನವೆಯುವ ಕಾಲ. ಮಂಚದ ಕಾಲು, ಪೊರಕೆ, ಸೀಟಕ್ಕನ ಬಲಗಾಲಿನ ಚಪ್ಪಲಿ, ಯಾವುದನ್ನೂ ಬಿಡಲಿಲ್ಲ. ಒಂದು ಭಾನುವಾರ ಅಕ್ಕ ತಮ್ಮ ಇಬ್ಬರೂ ಸಾಕುಪ್ರಾಣಿಗಳ ಅಂಗಡಿಗೆ ಹೊರಟರು. ತಮ್ಮ ತಾನಾಗಿ ಅಂಗಿ ಇಸ್ತ್ರಿ ಮಾಡಿಕೊಂಡ. ಅದನ್ನು ನೋಡಿಯೂ ನೋಡದವಳ ಹಾಗೆ ಇರಲು ಅವಳು ಬಹಳ ಪಾಡುಪಟ್ಟಳು.

ಅಂಗಡಿಯಲ್ಲಿ ಗೋಡೆ ತುಂಬ ಆಟಿಕೆಗಳು ನೇತಾಡುತ್ತಿದ್ದವು. ಸೀಟಕ್ಕ ಬಟ್ಟೆಯ ಮೊಲವೊಂದನ್ನು ಇಳಿಸಿ, ಎರಡು ಕಿವಿ ಹಿಡಿದು, ಡಿಪೋದಲ್ಲಿ ಹೊಸ ಕವರು ಪರೀಕ್ಷಿಸುವ ಹಾಗೆ ಒಂದು ಜಗ್ಗು ಜಗ್ಗಿದಳು. ಕಿವಿ ಕೈಗೆ ಬಂತು.

"ಇಂಚಿಗೆ ನಾಲ್ಕು ಹೊಲಿಗೆ ಹಾಕಿದಾರೆ. ಇದೊಂದು ಕೆಲಸನಾ?" ಎಂದಳು.

"ಅಮ್ಮಾ, ಅದು ಬಸ್ ಸೀಟಲ್ಲ, ಮೊಲ" ಎಂದರು ಅಂಗಡಿಯವರು. ಮೂಗಿನ ತುದಿಗೆ ಕನ್ನಡಕ ಇಳಿಬಿಟ್ಟ, ತಾಳ್ಮೆಯ ಮನುಷ್ಯ. ಕಿವಿಯನ್ನು ಇಸಕೊಂಡು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟರು. "ಮೂರು ವಿಷಯ ಹೇಳ್ತೀನಿ, ಕೇಳಿ. ಒಂದು, ಹೆಬ್ಬೆರಳಿನ ಉಗುರಲ್ಲಿ ಒತ್ತಿ ನೋಡಿ. ಸ್ವಲ್ಪನಾದ್ರೂ ಗುರುತು ಬೀಳ್ಬೇಕು. ಬೀಳದಷ್ಟು ಗಟ್ಟಿ ಇದ್ರೆ ಮರಿ ಹಲ್ಲೇ ಮುರಿಯುತ್ತೆ. ಎರಡು, ಇಡೀದಾಗಿ ಬಾಯೊಳಗೆ ಹೋಗೋ ಅಂಥದ್ದು ಬೇಡ. ಮೂರು, ಎಷ್ಟೇ ಒಳ್ಳೇದು ತಗೊಂಡ್ರೂ ಒಂದು ದಿನ ಹರಿಯುತ್ತೆ. ಹರಿದ ದಿನ ಎತ್ತಿ ಬಿಸಾಡಿ."

"ಬಿಸಾಡೋದಾ?" ಎಂದಳು ಸೀಟಕ್ಕ, ಯಾರೋ ಬೈದ ಹಾಗೆ.

"ಬಿಸಾಡೋದೇ."

ತಮ್ಮ ಅಷ್ಟರಲ್ಲಿ ತಿಂಡಿಯ ಕಪಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಪ್ರತಿ ಪೊಟ್ಟಣದ ಹಿಂಭಾಗ ಓದುತ್ತಿದ್ದ. ಕಲ್ಲಿನಂಥ ಒಣಮೂಳೆಯ ಮೇಲೆ ಉಗುರು ಒತ್ತಿದ, ಗುರುತು ಬೀಳಲಿಲ್ಲ, ವಾಪಸ್ಸಿಟ್ಟ. ನಾಯಿ ಅಗಿಯಲೆಂದು ಮಾಡಿದ ತೊಗಲಿನ ಗಂಟು ತುಂಡಾಗಿ ಗಂಟಲಲ್ಲಿ ಸಿಕ್ಕೀತು ಎಂದು ಅದನ್ನೂ ಇಟ್ಟ. ಮೆದು ಬಿಸ್ಕತ್ತಿನ ಒಂದು ಪೊಟ್ಟಣ ಆರಿಸಿದ. ಅಂಗಡಿಯವರು ಮಾದರಿಗೆಂದು ಇಟ್ಟಿದ್ದ ಬಿಸ್ಕತ್ತೊಂದನ್ನು ಸೀಟಕ್ಕ ಮುರಿದು, ಯಾರೂ ಬೇಡವೆನ್ನುವ ಮುಂಚೆ ಬಾಯಿಗೆ ಹಾಕಿಕೊಂಡಳು. "ಉಪ್ಪಿಲ್ಲ" ಎಂದಳು. ಅಂಗಡಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ತಮ್ಮ ನಕ್ಕ, ಹಲ್ಲು ಕಾಣುವ ಹಾಗೆ.

ಕೊನೆಗೆ ಕೊಂಡದ್ದು ಬಿಸ್ಕತ್ತು, ಒಳಗೆ ತಿಂಡಿ ತುಂಬಿಸಲು ಟೊಳ್ಳಿರುವ ರಬ್ಬರಿನ ಗುಂಡು, ಮತ್ತು ಕ್ಯಾನ್ವಾಸಿನ ಒಂದು ಹಳದಿ ಬಾತುಕೋಳಿ. ಇದ್ದುದರಲ್ಲಿ ಅದರ ಹೊಲಿಗೆಯೇ ವಾಸಿ ಎಂದು ಅವಳೇ ಆರಿಸಿದ್ದು.

ಆಮೇಲಿನ ಮೂರು ವಾರ ಆ ಮನೆಗೆ ಜೀವ ಬಂದಿತ್ತು. ತಮ್ಮ ಬಿಸ್ಕತ್ತನ್ನು ಕಡಲೆಕಾಳಿನಷ್ಟು ಚೂರು ಮಾಡಿ ಡಬ್ಬಿಯಲ್ಲಿಟ್ಟುಕೊಂಡು ಮರಿಗೆ ಪಾಠ ಮಾಡುತ್ತಿದ್ದ. ರೈಟ್ ಎಂದರೆ ನಡೆಯಬೇಕು, ಹೋಲ್ಡಾನ್ ಎಂದರೆ ಕೂರಬೇಕು. ಬಸ್ಸಿನ ಮಾತು ಅವನ ಬಾಯಿಗೆ ವಾಪಸ್ಸು ಬಂದದ್ದು ಕೇಳಿ ಸೀಟಕ್ಕ ಕೈಯ ಕೆಲಸ ಬಿಟ್ಟು ಆಲಿಸುತ್ತಿದ್ದಳು. ಬಾತುಕೋಳಿ ಇಲ್ಲದೆ ಚೆಕಿಂಗ್ ಮಲಗುತ್ತಿರಲಿಲ್ಲ. ಒಂದು ಗುರುವಾರ ಅದರ ಕುತ್ತಿಗೆ ಹರಿದು ಒಳಗಿನ ಹತ್ತಿ ಇಣುಕಿತು.

"ಬಿಸಾಡ್ಬೇಕು ಅಂದಿದ್ರಲ್ವಾ ಅವರು?" ಎಂದ ತಮ್ಮ. ಮುಖ ಸಣ್ಣದಾಗಿತ್ತು.

ಅವನ ಆ ಮುಖವನ್ನು ಅವಳಿಗೆ ಸಹಿಸಲಾಗಲಿಲ್ಲ. ಈ ಮನೆಯಲ್ಲಿ ಇನ್ನೊಂದು ವಸ್ತು ಕೆಟ್ಟಿತು, ಹೋಯಿತು ಎಂದು ಅವನು ಅಂದುಕೊಳ್ಳಬಾರದು. "ಅವರಿಗೇನು, ಇನ್ನೊಂದು ಮಾರ್ಬೇಕು. ನಾನಿರೋವಾಗ ಬಿಸಾಡೋದು ಯಾಕೋ?" ಎಂದಳು. ಡಿಪೋದಿಂದ ತಂದ ಬಾಗಿದ ಸೂಜಿಗೆ ನೈಲಾನ್ ದಾರ ಪೋಣಿಸಿ, ಬಾತುಕೋಳಿಯ ಕುತ್ತಿಗೆಗೆ ಇಂಚಿಗೆ ಎಂಟರಂತೆ ಎರಡು ಸುತ್ತು ಹೊಲಿಗೆ ಹಾಕಿದಳು. ಜಗ್ಗಿ ನೋಡಿದಳು. ತಮ್ಮನೂ ಜಗ್ಗಿ ನೋಡಿದ. "ಇನ್ನು ಹದಿನೈದು ವರ್ಷ ಚಿಂತೆ ಇಲ್ಲ" ಎಂದ. ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಭಾನುವಾರ ಮಧ್ಯಾಹ್ನ ಅವಳು ಮನೆ ಗುಡಿಸುವಾಗ ಬಾತುಕೋಳಿ ಮಂಚದಡಿ ಸಿಕ್ಕಿತು. ಹೊಲಿಗೆ ಬಿಚ್ಚಿರಲಿಲ್ಲ. ಹೊಲಿಗೆಯ ಸುತ್ತಲಿನ ಕ್ಯಾನ್ವಾಸು ಹಿಂಜಿಹೋಗಿ, ದಾರ ತೂತುಗಳಿಂದ ಇಡೀದಾಗಿ ಈಚೆ ಬಂದಿತ್ತು. ಒಂದು ಸುತ್ತಿನ ದಾರ ಇನ್ನೂ ನೇತಾಡುತ್ತಿತ್ತು. ಎರಡನೆಯ ಸುತ್ತಿನದ್ದು ಇರಲಿಲ್ಲ. ಅವಳು ಮಂಚದಡಿ ನೋಡಿದಳು, ಚಾಪೆ ಕೊಡವಿದಳು, ಕಸದ ಮೊರದಲ್ಲಿ ಬೆರಳಾಡಿಸಿದಳು. ಸಿಗಲಿಲ್ಲ. ಅಷ್ಟರಲ್ಲಿ ಹೊರಗಿನ ಕೋಣೆಯಲ್ಲಿ ಚೆಕಿಂಗ್ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿತು.

ಬಾತುಕೋಳಿಯನ್ನು ಅವಳು ಕೆಲಸದ ಚೀಲದ ತಳಕ್ಕೆ ತುರುಕಿದಳು. ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು. ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿ ಮಾಡಿತ್ತು.

ಪ್ರಾಣಿಗಳ ಆಸ್ಪತ್ರೆಯಲ್ಲಿ ಇದ್ದವರು ಒಬ್ಬ ಡಾಕ್ಟ್ರಮ್ಮ. ಮಾತು ಕಡಿಮೆ. ಮರಿಯ ಹೊಟ್ಟೆಯನ್ನು ಎರಡು ಬೆರಳಿನಲ್ಲಿ ಒತ್ತುತ್ತಾ ಕೇಳಿದರು, "ಏನಾದ್ರೂ ನುಂಗಿದಾನಾ? ದಾರ, ಬಟ್ಟೆ, ಪ್ಲಾಸ್ಟಿಕ್ಕು?"

ಸೀಟಕ್ಕ ಬಾಯಿ ತೆರೆದಳು. ಅವಳಿಗಿಂತ ಮುಂಚೆ ತಮ್ಮ ಮಾತಾಡಿದ.

"ಗೊತ್ತಿಲ್ಲ ಡಾಕ್ಟ್ರೇ. ನಾನು ಮಾತ್ರೆ ತಗೊಂಡು ಮಲಗಿಬಿಟ್ಟಿದ್ದೆ. ಅವನ ಮೇಲೆ ಕಣ್ಣಿಟ್ಟಿರಲಿಲ್ಲ. ನಂದೇ ತಪ್ಪು."

ಡಾಕ್ಟ್ರಮ್ಮ ಸೀಟಕ್ಕನ ಕಡೆ ತಿರುಗಿದರು. "ನೀವು ನೋಡಿದ್ರಾ?"

"ಇಲ್ಲ" ಎಂದಳು ಸೀಟಕ್ಕ.

ಒಂದು ಇಂಜೆಕ್ಷನ್ ಆಯಿತು, ಚರ್ಮದಡಿಗೆ ಒಂದಿಷ್ಟು ಸಲೈನ್ ಹೋಯಿತು. ನಾಳೆ ಹೊತ್ತಿಗೆ ಕಡಿಮೆಯಾಗದಿದ್ದರೆ ಕರೆತನ್ನಿ, ಎಕ್ಸ್‌ರೇ ತೆಗೆಯೋಣ ಎಂದರು. ದಾರಿಯುದ್ದಕ್ಕೂ ತಮ್ಮ ಮರಿಯನ್ನು ಎದೆಗವಚಿಕೊಂಡು ನಡೆದ. ಈಗ ಹೇಳುತ್ತೇನೆ ಎಂದು ಅವಳು ಔಷಧದಂಗಡಿಯ ತನಕ ಅಂದುಕೊಂಡಳು. ತಿರುವಿನ ತನಕ ಅಂದುಕೊಂಡಳು. ಬಾಗಿಲ ಬೀಗ ತೆಗೆಯುವಾಗಲೂ ಅಂದುಕೊಂಡಳು. ದಾರ ಇನ್ನೆಲ್ಲೋ ಬಿದ್ದಿರಬಹುದು, ಸುಮ್ಮನೆ ಯಾಕೆ ಗಾಬರಿ ಮಾಡಿಸಲಿ, ಬೆಳಿಗ್ಗೆ ಸರಿಹೋದರೆ ಹೇಳುವ ಪ್ರಮೇಯವೇ ಇಲ್ಲ. ಹೀಗೆ ಒಂದಾದ ಮೇಲೊಂದು ಸಮಾಧಾನ ಅವಳಿಗೆ ಸಲೀಸಾಗಿ ಸಿಗುತ್ತಾ ಹೋಯಿತು. ತಮ್ಮ ಮನೆಗೆ ಬಂದವನೇ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತ, ಮರಿ ತೊಡೆಯ ಮೇಲೆ.

"ನಿನ್ನ ತಪ್ಪಲ್ವೋ" ಎಂದಳು ಅವಳು.

ಆ ಮಾತು ಎಂದಿಗಿಂತ ಅಂದು ನಿಜವಾಗಿತ್ತು. ಅದನ್ನು ಹೇಳಲು ಅಷ್ಟು ನಾಚಿಕೆಯೂ ಎಂದೂ ಆಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಚೆಕಿಂಗ್ ನೀರನ್ನೂ ಮುಟ್ಟಲಿಲ್ಲ. ಬೆನ್ನು ಬಿಲ್ಲಿನ ಹಾಗೆ ಬಾಗಿತ್ತು. ತಮ್ಮ ಬಿಸ್ಕತ್ತಿನ ಚೂರು ಮೂಗಿನ ಹತ್ತಿರ ಹಿಡಿದ, ಅದು ಮುಖ ತಿರುಗಿಸಿತು. ಡಾಕ್ಟ್ರಮ್ಮ ಬರುವುದು ಹನ್ನೊಂದಕ್ಕೆ, ತಾನೇ ಕರೆದೊಯ್ಯುತ್ತೇನೆ ಎಂದ. ಸೀಟಕ್ಕ ಕೆಲಸಕ್ಕೆ ಹೋದಳು. ಹೋಗದಿದ್ದರೆ ಅವನ ಮುಂದೆ ಕೂತಿರಬೇಕಾಗುತ್ತಿತ್ತು.

ಡಿಪೋದಲ್ಲಿ ಹೊಸ ದಾರದ ಉಂಡೆ ಬಂದಿತ್ತು. ಪ್ರತಿ ಹೊಸ ಉಂಡೆಯನ್ನೂ ಸೀಟಕ್ಕ ಪರೀಕ್ಷಿಸದೆ ಮೆಷಿನ್ನಿಗೆ ಏರಿಸುತ್ತಿರಲಿಲ್ಲ. ಎರಡು ಅಂಗೈಗೆ ದಾರ ಸುತ್ತಿ ಒಂದೇ ಏಟಿಗೆ ಜಗ್ಗಬೇಕು. ತುಂಡಾದರೆ ವಾಪಸ್ಸು. ಅವಳು ಸುತ್ತಿದಳು, ಜಗ್ಗಿದಳು. ದಾರ ತುಂಡಾಗಲಿಲ್ಲ. ಅಂಗೈಯ ಚರ್ಮ ಸೀಳಿ, ಗೆರೆ ಎಳೆದ ಹಾಗೆ ರಕ್ತ ಮೂಡಿತು. ಇಪ್ಪತ್ತೆರಡು ವರ್ಷದಿಂದ ಆ ಗೆರೆ ಕಂಡರೆ ಅವಳು ಸರಿ ಎಂದು ತಲೆಯಾಡಿಸುತ್ತಿದ್ದಳು. ಈಗ ತಲೆಯಾಡಲಿಲ್ಲ. ಅಂಗೈಗೇ ಹೀಗಾದರೆ ಆ ಪುಟ್ಟ ಹೊಟ್ಟೆಯೊಳಗೆ ಏನಾಗುತ್ತಿರಬೇಕು? ಕೆಟ್ಟ ದಾರವಾಗಿದ್ದರೆ ಇಷ್ಟು ಹೊತ್ತಿಗೆ ತುಂಡಾಗಿ ಈಚೆ ಬಂದಿರುತ್ತಿತ್ತು.

ಯಾರಿಗೂ ಹೇಳದೆ ಚೀಲ ಎತ್ತಿಕೊಂಡು ಓಡಿದಳು. ಆಸ್ಪತ್ರೆಯ ಬಾಗಿಲಲ್ಲಿ ತಮ್ಮ ಇನ್ನೂ ಸರದಿಗೆ ಕಾಯುತ್ತಿದ್ದ. ಅವಳು ಅವನನ್ನೂ ದಾಟಿ, ಸರದಿಯನ್ನೂ ದಾಟಿ ಒಳಗೆ ನುಗ್ಗಿ ಬಾತುಕೋಳಿಯನ್ನು ಡಾಕ್ಟ್ರಮ್ಮನ ಮೇಜಿನ ಮೇಲಿಟ್ಟಳು.

"ಇದರ ದಾರ ನುಂಗಿದಾನೆ. ನೈಲಾನ್ ದಾರ, ಒಂದು ಮೊಳ ಇರಬಹುದು. ತುಂಡಾಗೋದಲ್ಲ. ನಾನೇ ಹೊಲಿದಿದ್ದು."

"ಯಾವಾಗ ಗೊತ್ತಾಯ್ತು?"

ಹಿಂದೆಯೇ ಬಂದಿದ್ದ ತಮ್ಮ ಬಾಗಿಲಲ್ಲಿ ನಿಂತಿದ್ದ, ಮರಿಯನ್ನು ಹಿಡಿದುಕೊಂಡು.

"ನಿನ್ನೆ" ಎಂದಳು ಸೀಟಕ್ಕ.

ಡಾಕ್ಟ್ರಮ್ಮ ಬೈಯಲಿಲ್ಲ. "ನಿನ್ನೆ ಹೇಳಿದ್ರೆ ನಿನ್ನೆನೇ ಕೊಯ್ತಿದ್ದೆ" ಎಂದರು, ಅಷ್ಟೇ. ಬೈದಿದ್ದರೇ ವಾಸಿಯಿತ್ತು. ಎಕ್ಸ್‌ರೇ ಬೆಳಕಿಗೆ ಹಿಡಿದಾಗ ಡಾಕ್ಟ್ರಮ್ಮ ವಿವರಿಸುವ ಅಗತ್ಯವೂ ಬೀಳಲಿಲ್ಲ. ದಾರದ ಒಂದು ತುದಿ ಸಿಕ್ಕಿಕೊಂಡು ಇನ್ನೊಂದು ಕಡೆಯಿಂದ ಎಳೆತ ಬಿದ್ದರೆ ಬಟ್ಟೆ ಹೇಗೆ ನೆರಿಗೆ ಕೂಡುತ್ತದೆ ಎಂಬುದು ಸೀಟಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮರಿಯ ಕರುಳು ಹಾಗೇ ನೆರಿಗೆ ಕೂಡಿತ್ತು.

ಮರಿಯನ್ನು ಒಳಗೆ ಒಯ್ಯುವ ಮುಂಚೆ ತಮ್ಮ ಅದರ ಕಿವಿಯ ಹತ್ತಿರ ಬಾಗಿ "ಹೋಲ್ಡಾನ್" ಎಂದ. ಬಾಗಿಲು ಮುಚ್ಚಿತು.

ಹೊರಗೆ ಒಂದು ಮರದ ಬೆಂಚು. ಅದರ ಮೇಲಿನ ರೆಕ್ಸಿನ್ ಹರಿದಿತ್ತು. ಸೀಟಕ್ಕನ ಬೆರಳು ಅಭ್ಯಾಸಬಲದಿಂದ ಆ ಹರಕಿನ ಅಂಚು ಹುಡುಕಿತು, ತಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡಳು. ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು.

"ಮಂಚದಡಿ ಬಾತುಕೋಳಿ ಸಿಕ್ಕಿತ್ತು, ಅವನು ವಾಂತಿ ಮಾಡೋ ಮುಂಚೆನೇ" ಎಂದಳು. "ಚೀಲದಲ್ಲಿ ಬಚ್ಚಿಟ್ಟೆ. ನೀನು ನಿನ್ನ ತಪ್ಪು ಅಂದೆ. ನಾನು ಸುಮ್ಮನಿದ್ದೆ."

ತಮ್ಮ ನೆಲ ನೋಡುತ್ತಿದ್ದ. ತಲೆ ಎತ್ತದೆ ಕೇಳಿದ, "ಯಾಕೆ ಹೇಳ್ಲಿಲ್ಲ?"

"ಹೇಳ್ಬೇಕು ಅಂತಲೇ ಇದ್ದೆ. ಬಾಗಿಲು ತೆಗೆಯೋ ತನಕ ಹೇಳ್ಬೇಕು ಅಂತ ಇದ್ದೆ. ಒಂದು ಸಲ ಸುಮ್ಮನಿದ್ದುಬಿಟ್ರೆ ಆಮೇಲೆ ಬಾಯಿ ಬರಲ್ಲ ಕಣೋ."

"ಹೌದು, ಬರಲ್ಲ" ಎಂದ ತಮ್ಮ.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಗೆ ತಯಾರಾಗಿ ಕೂತಿದ್ದ ಸೀಟಕ್ಕನಿಗೆ ಅದು ವಿಚಿತ್ರವೆನಿಸಿತು. ತಿರುಗಿ ನೋಡಿದಳು. ಅವನು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದ.

ಎರಡು ಗಂಟೆ ಕಳೆದು ಡಾಕ್ಟ್ರಮ್ಮ ಕೈ ಒರೆಸಿಕೊಳ್ಳುತ್ತಾ ಬಂದರು. ದಾರ ತೆಗೆದದ್ದಾಯಿತು, ಆದರೆ ಅದು ಕರುಳನ್ನು ಒಂದು ಕಡೆ ಸೀಳಿಬಿಟ್ಟಿತ್ತು. ನಾಲ್ಕು ಬೆರಳಿನಷ್ಟು ತುಂಡನ್ನು ಕತ್ತರಿಸಿ ತೆಗೆದು ಜೋಡಿಸಬೇಕಾಯಿತು. ಉಸಿರಿದೆ. ಐದು ದಿನ ದಾಟಿದರೆ ಉಳಿಯುತ್ತಾನೆ, ಅಲ್ಲಿಯ ತನಕ ಏನೂ ಹೇಳಲಾರೆ ಎಂದರು.

"ಒಳಗಿನ ಹೊಲಿಗೆ ಯಾವಾಗ ಬಿಚ್ಬೇಕು?" ಎಂದಳು ಸೀಟಕ್ಕ. ಅವಳಿಗೆ ಕೇಳಲು ತಿಳಿದಿದ್ದ ಪ್ರಶ್ನೆ ಅದೊಂದೇ.

"ಬಿಚ್ಚೋ ಹಾಗಿಲ್ಲ. ಅದು ಕರಗೋ ದಾರ. ಗಾಯ ಕೂಡಿಕೊಂಡ ಮೇಲೆ ತಾನೇ ಹೋಗುತ್ತೆ."

ಅಂಥದ್ದೊಂದು ದಾರ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಮೇಜಿನ ಮೇಲೆ ಬಿದ್ದಿದ್ದ ಬಾತುಕೋಳಿಯನ್ನು ಕಂಪೌಂಡರ್ ಎತ್ತಿ, ಮನೆಗೆ ಒಯ್ಯುತ್ತೀರಾ ಎಂದು ಕೇಳಿದ. ಅವಳು ಬೇಡವೆಂದು ತಲೆಯಾಡಿಸಿದಳು. ಕಸದ ಡಬ್ಬಿಯ ಮುಚ್ಚಳದ ಸದ್ದಾಯಿತು.

ಒಳಗೆ ಬಿಟ್ಟರು. ಚೆಕಿಂಗ್ ಕಬ್ಬಿಣದ ಮೇಜಿನ ಮೇಲೆ ಟವೆಲ್ಲಿನಲ್ಲಿ ಮಲಗಿತ್ತು. ಕೂದಲು ಬೋಳಿಸಿದ ಹೊಟ್ಟೆ ಬೆಳ್ಳಗೆ ಕಾಣುತ್ತಿತ್ತು, ನಾಲಿಗೆ ಒಂದು ಪಕ್ಕಕ್ಕೆ ಜೋತಿತ್ತು. ತಮ್ಮ ಅದರ ಮುಂಗಾಲನ್ನು ಎರಡು ಬೆರಳಲ್ಲಿ ಹಿಡಿದುಕೊಂಡ. ಅದರ ಕಡೆಯೇ ನೋಡುತ್ತಾ ಹೇಳಿದ:

"ಅಕ್ಕ, ಅವತ್ತು ನಾನು ಕನ್ನಡಿ ನೋಡಿರ್ಲಿಲ್ಲ."

ಅವಳಿಗೆ ಮೊದಲು ಅರ್ಥವಾಗಲಿಲ್ಲ.

"ಸ್ಟಾಪಲ್ಲಿ. ಹೊರಡೋ ಮುಂಚೆ ಎಡಗಡೆ ಕನ್ನಡಿ ನೋಡ್ಬೇಕು. ಅವತ್ತು ನೋಡ್ಲಿಲ್ಲ, ಜೇಬಲ್ಲಿ ಫೋನ್ ಹೊಡ್ಕೊಳ್ತಿತ್ತು, ಅದನ್ನ ನೋಡ್ತಿದ್ದೆ. ವಿಚಾರಣೇಲಿ ಹೇಳೋಣ ಅಂತಲೇ ಹೋದೆ. ನನಗಿಂತ ಮುಂಚೆ ಆ ಗಡಿಯಾರದವರು, ಹುಡುಗನದ್ದೇನೂ ತಪ್ಪಿಲ್ಲ ಅಂದುಬಿಟ್ರು. ಸುಮ್ಮನಾದೆ. ಆಮೇಲೆ ಎಲ್ಲರೂ ಅದನ್ನೇ ಹೇಳೋಕೆ ಶುರು ಮಾಡಿದ್ರಿ. ನೀನು ದಿನಕ್ಕೆ ಮೂರು ಸಲ ಹೇಳ್ತಿದ್ದೆ."

ಸೀಟಕ್ಕನ ಬಾಯಲ್ಲಿ ಆ ಮಾತು ಆಗಲೇ ತಯಾರಾಗಿ ನಿಂತಿತ್ತು. ತಿಂಗಳುಗಟ್ಟಲೆ ಹೇಳಿ ಹೇಳಿ ನಾಲಿಗೆಗೆ ರೂಢಿಯಾದ ಮಾತು. ಚಹಾದ ಜೊತೆ, ತಟ್ಟೆಯ ಜೊತೆ ಅವನ ಕೊರಳಿಗೆ ತಾನು ದಿನಾ ಸುತ್ತುತ್ತಾ ಬಂದದ್ದು ತುಂಡಾಗದ ದಾರವನ್ನೇ ಎಂದು ಅವಳಿಗೆ ಈಗ ಕಂಡಿತು. ಅವಳು ಅದನ್ನು ಹೇಳಲಿಲ್ಲ. ಹೇಳದೆ ಇರುವುದು ಬಹಳ ಕಷ್ಟವಾಯಿತು. ಸೀಳಿದ ಅಂಗೈ ಉರಿಯುತ್ತಿತ್ತು.

"ಅವರಿಗೆ ಹೇಳ್ಬೇಕು" ಎಂದ ತಮ್ಮ. "ಗಡಿಯಾರದಂಗಡಿ ಮತ್ತೆ ತೆಗೆದಿದಾರಂತೆ. ಇವನು ಉಳೀಲಿ, ಬಿಡ್ಲಿ. ನಾನು ಹೋಗಿ ಹೇಳ್ಬೇಕು."

"ಕೆಲಸ ಹೋಗುತ್ತೆ" ಎಂದಳು ಅವಳು.

"ಹೋಗುತ್ತೆ."

ಮೇಜಿನ ಮೇಲೆ ಮರಿಯ ಹೊಟ್ಟೆ ಏರಿತು, ಇಳಿಯಿತು, ಸ್ವಲ್ಪ ತಡೆದು ಮತ್ತೆ ಏರಿತು. ಇಬ್ಬರೂ ಅದನ್ನೇ ನೋಡುತ್ತಾ ನಿಂತರು.

"ಅಂಗಡಿ ಎಷ್ಟು ಗಂಟೆಗೆ ತೆಗೀತಾರೆ?" ಎಂದು ಕೇಳಿದಳು ಸೀಟಕ್ಕ. "ನಾನೂ ಬರ್ತೀನಿ."